ಪುಕ್ಕಟೆ ಸಿಕ್ಕ ದೊಡ್ಡ ಕಾರು

ಏರ್‌ಪೋರ್ಟಲ್ಲಿ ಸೆಲ್ಫ್ ಡ್ರೈವ್ ಕಾರು ಬುಕ್ ಮಾಡಿದವರಿಗೆ ಈ ಮಾತು ಗೊತ್ತಿರತ್ತೆ: 'ವ್ಯಾಗನ್ ಆರ್ ಅಥವಾ ಅದರಂಥದ್ದು'. ನಾವು ದುಡ್ಡು ಕೊಡೋದು ಒಂದು ಕಾರಿಗಲ್ಲ, ಒಂದು ಕ್ಲಾಸಿಗೆ. ಹ್ಯಾಚ್‌ಬ್ಯಾಕ್, ಸೆಡಾನ್, ಎಸ್‌ಯುವಿ. ಬುಕ್ ಮಾಡಿದ ಕ್ಲಾಸಿನ ಗಾಡಿ ಖಾಲಿಯಾಗಿದ್ದರೆ ಅದೇ ಬಾಡಿಗೆಗೆ ಮೇಲಿನ ಕ್ಲಾಸಿಂದು ಕೊಡೋದುಂಟು. ಹೋದ ವರ್ಷ ಪುಣೆಯಿಂದ ಬೆಂಗಳೂರಲ್ಲಿ ಇಳಿದಾಗ ನನಗೂ ಹಾಗೇ ಆಯ್ತು. "ಸರ್, ಫ್ರೀ ಅಪ್‌ಗ್ರೇಡ್" ಅಂತ ಕೌಂಟರಿನ ಹುಡುಗ ಸ್ಕಾರ್ಪಿಯೋ ಎನ್ ಕೀ ಕೈಗಿಟ್ಟ.

ನಾನು ಹೊರಟಿದ್ದು ಕುದಾಪುರದ ಹತ್ತಿರ ಇರೋ ಮಾವನ ಊರಿಗೆ. ಹೋಗ್ತಾ ಇದ್ದಿದ್ದು ಒಂದು ಕೆಟ್ಟ ಸುದ್ದಿ ಹೇಳೋಕೆ. ಮಾವನ ಮಗಳ ಎಂಜಿನಿಯರಿಂಗ್ ಫೀಸು ನಾನು ಕಟ್ತೀನಿ ಅಂತ ಮಾತು ಕೊಟ್ಟಿದ್ದೆ. ಎರಡು ತಿಂಗಳ ಹಿಂದೆ ಕೆಲಸ ಹೋಗಿತ್ತು. ಫೋನಲ್ಲಿ ಹೇಳೋಕೆ ಬಾಯಿ ಬರಲಿಲ್ಲ. ಚಳ್ಳಕೆರೆಗೆ ಬಸ್ಸಿದೆಯಲ್ಲ ಮಾರಾಯ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ರಾತ್ರಿಯೇ ವಾಪಸ್ ಬರಬೇಕಿತ್ತು ಅನ್ನೋದು ಅರ್ಧ ಕಾರಣ. ಬಸ್ಸಿಳಿದು ಬ್ಯಾಗು ಹೊತ್ಕೊಂಡು ಹೋಗಿ ಕೆಲಸ ಹೋಯ್ತು ಅನ್ನೋಕೆ ನಾಚಿಕೆ ಇತ್ತು, ಅದು ಉಳಿದರ್ಧ.

ಈ ಕ್ಲಾಸುಗಳನ್ನ ನಮ್ಮ ಅಗತ್ಯ ನೋಡಿ ಯಾರೂ ಮಾಡಿದ್ದಲ್ಲ. 2006ರ ಬಜೆಟ್ಟಲ್ಲಿ ನಾಲ್ಕು ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರಿಗೆ ತೆರಿಗೆ ಇಳಿಸಿದರು. ಡಿಜೈರ್ ತನ್ನ ಡಿಕ್ಕಿ ಕತ್ತರಿಸಿಕೊಂಡು 'ಕಾಂಪ್ಯಾಕ್ಟ್' ಆಗಿದ್ದು ಅದಕ್ಕೇ. ಎಸ್‌ಯುವಿ ಅಂದ್ರೆ ಏನು ಅಂತ 2022ರ ಡಿಸೆಂಬರಲ್ಲಿ ಜಿಎಸ್‌ಟಿ ಕೌನ್ಸಿಲ್ ಕೂತು ತೀರ್ಮಾನ ಮಾಡಿತು: 1500 ಸಿಸಿಗಿಂತ ದೊಡ್ಡ ಎಂಜಿನ್, 4000 ಮಿಲಿಮೀಟರಿಗಿಂತ ಹೆಚ್ಚು ಉದ್ದ, ನೆಲದಿಂದ ಕನಿಷ್ಠ 170 ಮಿಲಿಮೀಟರ್ ಎತ್ತರ. ಅಮೆರಿಕದ ಬಾಡಿಗೆ ಕೌಂಟರುಗಳಲ್ಲಿ 'ಇಂಟರ್ಮೀಡಿಯೆಟ್' ಅಂತ ಕೊಡೋ ಕರೋಲಾ ನಮ್ಮಲ್ಲಿ ಸಾಹೇಬರ ಕಾರಾಗಿತ್ತು. ದೊಡ್ಡದು ಯಾವುದು, ಸಣ್ಣದು ಯಾವುದು ಅನ್ನೋದು ಕಾರು ನಿಂತ ಜಾಗದ ಮೇಲಿದೆ.

ಹಿರಿಯೂರು ತನಕ ಹೈವೇಲಿ ಇದೆಲ್ಲ ತಲೆಗೇ ಬರಲಿಲ್ಲ. ಎತ್ತರದ ಸೀಟು, ಎಲ್ಲರೂ ದಾರಿ ಬಿಡ್ತಾರೆ, ಸುಖವಾಗಿತ್ತು. ಚಳ್ಳಕೆರೆಯಿಂದ ಒಳಗಿನ ರಸ್ತೆಗೆ ಹೊರಳಿದ ಮೇಲೆ ಒಂದು ಟಿವಿಎಸ್ ಎಕ್ಸೆಲ್ ಎದುರಾಯ್ತು. ಗಂಡ, ಹೆಂಡತಿ, ನಡುವೆ ಮೇವಿನ ಹೊರೆ. ನಾನು ಹಾರ್ನ್ ಕೂಡ ಮಾಡಿರಲಿಲ್ಲ, ಆ ಮನುಷ್ಯ ತಾನೇ ಡಾಂಬರು ಬಿಟ್ಟು ಮಣ್ಣಿಗಿಳಿದು ಕಾಲೂರಿ ನಿಂತ. ಆಮೇಲೆ ಲೆಕ್ಕ ಹಾಕಿದೆ. ಒಂದೇ ಲೇನಿನ ರಸ್ತೆಗೆ ನಿಯಮದ ಅಗಲ 3.75 ಮೀಟರ್. ವ್ಯಾಗನ್ ಆರ್ ಅಗಲ 1620 ಮಿಲಿಮೀಟರ್, ಸ್ಕಾರ್ಪಿಯೋ ಎನ್ 1917. ವ್ಯತ್ಯಾಸ ಹತ್ತತ್ರ ಒಂದಡಿ. ನನಗೆ ಪುಕ್ಕಟೆ ಸಿಕ್ಕ ಆ ಒಂದಡಿ ಅವರ ಪಾಲಿನ ರಸ್ತೆಯಿಂದ ಬಂದಿತ್ತು. ಆ ದೊಡ್ಡ ಕಾರಲ್ಲಿ ನಾನು ಸೇಫ್, ನಿಜ. ಡಿಕ್ಕಿ ಹೊಡೆದಿದ್ದರೆ ಪೆಟ್ಟು ಬೀಳ್ತಾ ಇದ್ದಿದ್ದು ಆ ಎಕ್ಸೆಲ್ಲಿನವರಿಗೆ.

ಆ ಸೀಮೆಯವರಿಗೆ ಸರಿದು ನಿಲ್ಲೋದು ಹೊಸದೇನಲ್ಲ ಬಿಡಿ. ಅಲ್ಲಿನ ಅಮೃತಮಹಲ್ ಕಾವಲು ದನ, ಕುರಿ ಮೇಯೋ ಹುಲ್ಲುಗಾವಲು. ಅದರಲ್ಲಿ ಐಐಎಸ್‌ಸಿ ಕ್ಯಾಂಪಸ್ಸಿಗೇ ಸುಮಾರು 1500 ಎಕರೆ ಹೋಯ್ತು, ಡಿಆರ್‌ಡಿಒ ಪರೀಕ್ಷಾ ವಲಯಕ್ಕೆ ಅದಕ್ಕಿಂತ ಜಾಸ್ತಿ. ಕುರಿ ಈಗ ಕಾಂಪೌಂಡ್ ಸುತ್ತಿಕೊಂಡು ಹೋಗಬೇಕು.

ಮಾವ ಕಾರಿನ ಸುತ್ತ ಒಂದು ಸುತ್ತು ಬಂದರು. "ಭಾರೀ ಐತಲ್ಲಪ್ಪ. ತಗಂಡ್ಯಾ?"

"ಇಲ್ಲ ಮಾವ, ಬಾಡಿಗೇದು. ನಾನು ಸಣ್ಣದು ಬುಕ್ ಮಾಡಿದ್ದೆ, ಅವರೇ ಇದನ್ನ ಕೊಟ್ರು."

"ಪುಕ್ಕಟೆ ಯಾರಪ್ಪ ಕೊಡ್ತಾರೆ?"

ನಂಬರ್ ಪ್ಲೇಟು ಕಪ್ಪು, ಅಕ್ಷರ ಹಳದಿ. ಸೆಲ್ಫ್ ಡ್ರೈವ್ ಬಾಡಿಗೆ ಗಾಡಿ ಅನ್ನೋದಕ್ಕೆ ಕಾನೂನಿನ ಗುರುತೇ ಅದು. ಆದರೆ ಅಷ್ಟು ದೊಡ್ಡ ಗಾಡಿ ಬಂದು ಅಂಗಳದಲ್ಲಿ ನಿಂತಾಗ ಪ್ಲೇಟು ನೋಡೋರು ಯಾರು?

ಊಟ ಆದ ಮೇಲೆ ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡರು. ಒಂದು ಸಲ ಬಾಗಿಲಾಚೆ ಕಾರಿನ ಕಡೆ ನೋಡಿದರು. "ಆಯ್ತು ಬಿಡಪ್ಪ, ಏನೋ ಮಾಡಾನ" ಅಂದರು. ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಾನು ಒಂದು ಸುಳ್ಳೂ ಹೇಳಿಲ್ಲ. ಆದರೂ ವಾಪಸ್ ಬರೋ ದಾರಿಯುದ್ದಕ್ಕೂ ಸುಳ್ಳು ಹೇಳಿದವನ ಹಾಗೇ ಇದ್ದೆ. ಬಾಯಲ್ಲಿ ಹೇಳಿದ್ದು ಮಾತ್ರ ಸುಳ್ಳಾ? ನನ್ನ ನಿಜವನ್ನ ಯಾರೂ ನಂಬದ ಹಾಗೆ ಮಾಡೋ ವಸ್ತುವಿನಲ್ಲಿ ಕೂತು ಬಂದರೆ ಅದಕ್ಕೆ ಏನನ್ನಬೇಕು? ಕೌಂಟರಿನ ಹುಡುಗ ಕೀ ಕೊಟ್ಟಾಗ 'ಬೇಡ, ಹ್ಯಾಚ್‌ಬ್ಯಾಕ್ ಬರೋ ತನಕ ಕಾಯ್ತೀನಿ' ಅನ್ನಬಹುದಿತ್ತು. ಅನ್ನಲಿಲ್ಲ, ಯಾಕಂದ್ರೆ ಖುಷಿಯಾಗಿತ್ತು. ಕೆಲಸ ಕಳಕೊಂಡ ಮೇಲೆ ಯಾರೋ ಮೊದಲ ಸಲ ನನ್ನನ್ನ ಮೇಲಿನ ಕ್ಲಾಸಿಗೆ ಹಾಕಿದ್ದರು.

ಹೊರಡುವಾಗ ಮಾವ ಕಿಟಕಿಗೆ ಬಗ್ಗಿ ಕೇಳಿದ್ದರು, "ದಿನಕ್ಕೆ ಎಷ್ಟಪ್ಪ ಇದಕ್ಕೆ?"

ಸಣ್ಣ ಕಾರಿನ ಬಾಡಿಗೆ ಹೇಳಿದೆ. ನಾನು ಕೊಟ್ಟಿದ್ದೇ ಅಷ್ಟು. ಮಾವ ನಕ್ಕು, ಕಾರಿನ ನೆತ್ತಿ ತಟ್ಟಿ, ನಿಧಾನ ಹೋಗು ಅಂದರು.