ಅತಿಥಿಯ ಕೈಗೆ ಬಿಸಿನೀರು



ಗ್ಯಾರೇಜಿನಲ್ಲಿ ದುಡಿಯುವವರಿಗೆ ನಳ್ಳಿಯಲ್ಲಿ ಬಿಸಿನೀರು ಬೇಕೇ? "ನಮ್ಮ ಕಾಸರಗೋಡಿನಲ್ಲಿ ಚಳಿ ಎಲ್ಲಿದೆ ಮಾರಾಯ್ರೇ?" ಎಂದು ನೀವು ನಗಬಹುದು. ನಿಜ, ನಮ್ಮದು ಮಡಿಕೇರಿಯ ಚಳಿಯಲ್ಲ. ಆದರೆ ಜನವರಿಯ ಬೆಳಿಗ್ಗೆ ಮನೆಯ ತೆಂಗಿನೆಣ್ಣೆಯ ಬಾಟಲಿ ನೋಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಎಣ್ಣೆ ಗಟ್ಟಿಯಾಗುತ್ತದೆ. ಗ್ರೀಸ್ ಕೂಡ ತಣ್ಣಗಾದಷ್ಟು ದಪ್ಪವಾಗಿ ಕೈಗೆ ಅಂಟಿಕೊಳ್ಳುತ್ತದೆ. ತಣ್ಣೀರು, ಸಾಬೂನಿಗೆ ಅದು ಸುಲಭವಾಗಿ ಹೋಗುವುದಿಲ್ಲ. ಆಗ ಕೈಗೆ ಸಿಗುವುದು ಪೆಟ್ರೋಲ್ ಅಥವಾ ಥಿನ್ನರ್. ಅವು ಗ್ರೀಸಿನೊಂದಿಗೆ ಚರ್ಮದ ಸ್ವಂತ ಎಣ್ಣೆಯನ್ನೂ ತೆಗೆಯುತ್ತವೆ. ಚರ್ಮ ಒಣಗಿ ಬಿರಿಯುತ್ತದೆ, ತುರಿಕೆ ಹತ್ತುತ್ತದೆ. ಮಧ್ಯಾಹ್ನದ ಊಟವೂ ಅದೇ ಕೈಯಲ್ಲಿ.

ಬಕೆಟಿನಲ್ಲಿ ನೀರು ಕಾಯಿಸಿಟ್ಟರೆ ಸಾಲದೇ? ಮೊದಲು ಕೈ ಅದ್ದಿದವನಿಗೆ ಅದು ನೀರು, ಕೊನೆಯವನಿಗೆ ಉಳಿದವರ ಕೊಳೆ. ಕೊನೆಯವನು ಯಾರೆಂದು ಹೇಳಬೇಕಾಗಿಲ್ಲ: ಕೆಲಸ ಕಲಿಯಲು ಬಂದ ಹುಡುಗ, ಇಲ್ಲವೇ ಭಾಷೆ ಬಾರದ ಹೊರರಾಜ್ಯದವನು. ಹರಿಯುವ ನೀರಿಗೆ ಮೇಲು ಕೀಳು ಇಲ್ಲ.

ಖರ್ಚು ಎಷ್ಟು? ಮೂವರು ಕೆಲಸಗಾರರು ದಿನಕ್ಕೆ ಎರಡು ಸಲ, ಸಲಕ್ಕೆ 5 ಲೀಟರಿನಂತೆ ಬಳಸಿದರೆ 30 ಲೀಟರ್. ಅದನ್ನು 24 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಬೇಕಾದದ್ದು ಸುಮಾರು 0.56 ಯುನಿಟ್ ವಿದ್ಯುತ್. ವ್ಯರ್ಥವಾಗುವ ಶಾಖವನ್ನು ಸೇರಿಸಿದರೂ ಒಂದು ಯುನಿಟ್ ದಾಟಲಿಕ್ಕಿಲ್ಲ. 3 ಲೀಟರಿನ ಸಣ್ಣ ಗೀಸರ್ ಸಾಕು. ಒದ್ದೆ ಕೈಯ ಜಾಗವಾದ್ದರಿಂದ ಅರ್ಥಿಂಗ್ ಸರಿಯಾಗಿರಬೇಕು, ಅಷ್ಟೇ. ಸಂಜೆಯ ನೀರಿಗೆ ಅದೂ ಬೇಡ. ಶೀಟಿನ ಮೇಲೆ ಸುರುಳಿ ಸುತ್ತಿದ ಕಪ್ಪು ಪೈಪನ್ನು ನಮ್ಮ ಬಿಸಿಲೇ ಕಾಯಿಸುತ್ತದೆ.

ಹಾಗಾದರೆ ಅಡ್ಡಿಯಾಗಿರುವುದು ಹಣವಲ್ಲ. 1948ರ ಕಾರ್ಖಾನೆ ಕಾಯಿದೆಯ 42ನೇ ಸೆಕ್ಷನ್, ಕಾರ್ಮಿಕರಿಗೆ ಕೈಕಾಲು ತೊಳೆಯುವ ತಕ್ಕ ವ್ಯವಸ್ಥೆ ಇರಬೇಕೆಂದು ಹೇಳಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಆ ಕಾಯಿದೆ ಲೆಕ್ಕಕ್ಕೆ ತೆಗೆದುಕೊಂಡದ್ದು 10 ಅಥವಾ ಹೆಚ್ಚು ಜನ ದುಡಿಯುವ ಜಾಗವನ್ನು. ಮೂರು ಜನರ ಶೆಡ್ಡು ಅದರ ಹೊರಗೇ ಉಳಿಯಿತು. ಕಾನೂನು ಬಾರದ ಕಡೆ ಕರ್ತವ್ಯವೂ ಇಲ್ಲವೇ? ಅಲ್ಲಿ ಬಿಸಿನೀರು ಕೊಟ್ಟರೆ ಅದು ಧಣಿಯ ಉಪಕಾರವೇ?

ನನಗೆ ಹಾಗನಿಸುವುದಿಲ್ಲ. ಕೊಳೆ ಹತ್ತಿದ್ದು ಅವನ ಇಷ್ಟದಿಂದಲ್ಲ, ಕೆಲಸದಿಂದ. ಕೆಲಸದಿಂದ ಹತ್ತಿದ್ದನ್ನು ಕೆಲಸದ ಜಾಗದಲ್ಲೇ ತೊಳೆದು ಮನೆಗೆ ಹೋಗುವುದು ಕೂಲಿಯಷ್ಟೇ ಅವನ ಹಕ್ಕು. ಆ ಕೆಲಸದ ಲಾಭ ಧಣಿಗೆ ಮಾತ್ರವಲ್ಲ, ಬೈಕು ರಿಪೇರಿ ಮಾಡಿಸಿಕೊಂಡ ನಮಗೂ ಇದೆ. ಬಿಲ್ಲಿನಲ್ಲಿ ಐವತ್ತು ರೂಪಾಯಿ ಬಿಡಿಸಿಕೊಳ್ಳುವಾಗ ನಾವು ಯಾವುದನ್ನು ಬಿಡಿಸುತ್ತಿದ್ದೇವೆ ಎಂದು ಯೋಚಿಸಬೇಕು. ಸಾಲದಲ್ಲಿರುವ ಸಣ್ಣ ಧಣಿಯೊಬ್ಬನ ಮೇಲೆಯೇ ಇಡೀ ಭಾರ ಹಾಕುವುದು ನ್ಯಾಯವಲ್ಲ.

ಕೇರಳದಲ್ಲಿ ಹೊರರಾಜ್ಯದ ಕಾರ್ಮಿಕರನ್ನು ಸರಕಾರವೇ 'ಅತಿಥಿ ಕಾರ್ಮಿಕರು' ಎನ್ನುತ್ತದೆ. ಚಂದದ ಹೆಸರು. ಆದರೆ ನಮ್ಮ ಊರಿನಲ್ಲಿ ಅತಿಥಿಗೆ ಒಂದು ಕ್ರಮವಿದೆ: ಜಗಲಿ ಹತ್ತುವ ಮೊದಲು ಕೈಕಾಲಿಗೆ ನೀರು, ಆಮೇಲೆ ಬೆಲ್ಲ, ಕುಡಿಯಲು ನೀರು. ಮಾತುಕತೆಯೆಲ್ಲ ಅದರ ನಂತರ. ಹೆಸರು ಕೊಟ್ಟಾಗಿದೆ, ನೀರು ಇನ್ನೂ ಬಾಕಿ ಇದೆ.

ಮುಂದಿನ ಸಲ ಗಾಡಿ ಸರ್ವಿಸಿಗೆ ಕೊಟ್ಟಾಗ, ಅವರು ಕೈ ತೊಳೆಯುವುದು ಎಲ್ಲಿ ಎಂದು ಒಮ್ಮೆ ನೋಡಿ.