ಸತ್ಯವಾದ ಯಂತ್ರ, ಸಂದೇಹದ ಶೇರು

ಪರೋಪಕಾರದ ಕೆಲಸದಿಂದ ಹಣ ಗಳಿಸುವದು ದೋಷವಲ್ಲ. ವೈದ್ಯನು ಶುಲ್ಕವನ್ನು ಪಡೆಯುತ್ತಾನೆ. ಬಾವಿ ತೋಡಿದವನು ಕೂಲಿಯನ್ನು ಪಡೆಯುತ್ತಾನೆ. ರೋಗಿ ಬದುಕಿದನೆಂದೋ ಊರಿಗೆ ನೀರು ದೊರೆಯಿತೆಂದೋ ಅವರು ಕೈಯೊಡ್ಡಬಾರದೆಂದು ಯಾರೂ ಹೇಳುವದಿಲ್ಲ. ಆದರೆ ಚಿಕಿತ್ಸೆಯನ್ನು ಮಾಡದೆ, ಬಾವಿಯನ್ನೂ ತೋಡದೆ, ಆ ಕೆಲಸಗಳಿಗೆ ಬರುವ ಕೀರ್ತಿಯ ಏರಿಳಿತದಿಂದಲೇ ಹಣ ಗಳಿಸಬಯಸುವವನಿಗೆ ಆ ಪುಣ್ಯದಲ್ಲಿ ಪಾಲುಂಟೆ? ಆ ಕೀರ್ತಿಯನ್ನು ಅವನು ನೆರೆಯವನ ಮುಂದೆ ಎತ್ತಿ ಆಡಿದರೆ ಅದು ಸತ್ಯವಚನವೆ, ಇಲ್ಲವೆ ವ್ಯಾಪಾರವೆ? ಈ ಪ್ರಶ್ನೆಯು ಮುಂಬಯಿಯ ದಲಾಲರಿಗಷ್ಟೇ ಸಂಬಂಧಿಸಿದ್ದೆಂದು ವಾಚಕರು ತಿಳಿಯಬಾರದು.

ತಿಕೋಟಾ ಮತ್ತು ಬಬಲೇಶ್ವರದ ಸುತ್ತಿನ ನೆಲವು ಜೋಳ, ಕಡಲೆ, ಕುಸುಬಿಗಳನ್ನು ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ನೆಲ. ಕೊಳವೆಬಾವಿಗಳೂ ಆಮೇಲೆ ಏತ ನೀರಾವರಿಯ ಕಾಲುವೆಗಳೂ ಬಂದ ಮೇಲೆ ಅಲ್ಲಿ ದ್ರಾಕ್ಷಿಯ ಪಡಗಳು ಎದ್ದಿವೆ. ಒಣದ್ರಾಕ್ಷಿಯನ್ನು ಮಾರಿದ ಹಣವು ವರ್ಷಕ್ಕೊಮ್ಮೆ ಒಟ್ಟಾಗಿ ಕೈಗೆ ಬರುತ್ತದೆ. ಹಾಗೆ ಬಂದ ಹಣಕ್ಕೆ ಒಂದು ಗುಣವುಂಟು. ತಿಂಗಳ ಸಂಬಳದಂತೆ ಅದು ತಾನಾಗಿ ಕರಗದೆ, ನನ್ನನ್ನು ಏನಾದರೂ ಮಾಡೆಂದು ಯಜಮಾನನನ್ನು ಕಾಡುತ್ತದೆ. ಹಿಂದೆ ಅದು ಬಂಗಾರಕ್ಕೋ ಹೊಲಕ್ಕೋ ಸೊಸಾಯಿಟಿಯ ಠೇವಿಗೋ ಹೋಗುತ್ತಿತ್ತು. ಈಗ ಕಿಸೆಯ ಫೋನಿನಲ್ಲಿಯೇ ಶೇರು ಪೇಟೆಯು ತೆರೆದುಕೊಂಡಿರುವದರಿಂದ ಅದರ ಒಂದಂಶವು ಅತ್ತ ಹರಿಯತೊಡಗಿದೆ. ವಿಜಯಪುರದ ಚಹದಂಗಡಿಗಳಲ್ಲಿ ನೌಕರರೂ ಮಾಸ್ತರರೂ, ಒಣದ್ರಾಕ್ಷಿ ಶೆಡ್ಡುಗಳ ನೆರಳಿನಲ್ಲಿ ರೈತರ ಮಕ್ಕಳೂ ಈ ಮಾತನ್ನು ಆಡುತ್ತಿರುವದುಂಟು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಕಡಲಿಗೆ ಬಿದ್ದವನು ಎಲ್ಲಿರುವನೆಂಬದನ್ನು ಆಕಾಶದ ಉಪಗ್ರಹಕ್ಕೆ ತಿಳಿಸುವ ಚಿಕ್ಕ ಯಂತ್ರವೊಂದನ್ನು ಒಂದು ಸಣ್ಣ ಕಂಪನಿಯು ಮಾಡಿದೆ. ಯಂತ್ರವು ನಿಜವಾಗಿಯೂ ಒಳ್ಳೆಯದು. ಕಂಪನಿಯ ಶೇರಿನ ಬೆಲೆ ಮಾತ್ರ ಮೂರು ರೂಪಾಯಿ. ಶೇರನ್ನು ಕೊಂಡ ತರುಣನು ತನ್ನ ಚಿಕ್ಕಪ್ಪನಿಗೆ ಹೇಳುತ್ತಾನೆ: “ಕಾಕಾ, ಇದು ಜೀವಾ ಉಳಿಸೋ ಧಂದೆ. ಇದರಾಗ ರೊಕ್ಕ ಹಾಕಿದ್ರ ಪುಣ್ಯಾನೂ ಬರ್ತದ, ಲಾಭಾನೂ ಬರ್ತದ.” ಕಡಲನ್ನು ಕಣ್ಣಿನಿಂದ ಕಾಣದ ಚಿಕ್ಕಪ್ಪನಿಗೂ ಈ ಮಾತು ಹಿಡಿಸುತ್ತದೆ. ಲಾಭದಾಸೆಯಿಂದ ಮಾತ್ರ ಅವನು ಒಪ್ಪಿದನೆಂದರೆ ಅನ್ಯಾಯವಾದೀತು. ಒಳ್ಳೆಯ ಕೆಲಸವೆಂಬ ಭಾವನೆಯೂ ಅವನ ಮನಸ್ಸನ್ನು ಕರಗಿಸಿದೆ.

ಇಂಥ ಯಂತ್ರದ ಅವಶ್ಯಕತೆಯನ್ನು ಕನ್ನಡ ನಾಡು ಚೆನ್ನಾಗಿ ಬಲ್ಲದು. 2018ರ ದಶಂಬರದಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕೆಯ ದೋಣಿಯು ಏಳು ಜನರೊಡನೆ ಕಾಣದಾಯಿತು. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಆ ಮನೆಗಳವರು ತಿಂಗಳುಗಟ್ಟಲೆ ದಾರಿ ನೋಡಿದರು. ಮುಂದೆ 2019ರ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಮಹಾರಾಷ್ಟ್ರದ ಮಾಲವಣದ ಆಚೆಯ ಕಡಲಿನ ತಳದಲ್ಲಿ ಅದರ ಅವಶೇಷವು ದೊರೆಯಿತು. ದೋಣಿಯು ಮುಳುಗುವಾಗ ತಾನೆಲ್ಲಿರುವೆನೆಂದು ಕೂಗಿ ಹೇಳಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆಯು ಯಾರನ್ನು ಕಾಡದು? ಇಸ್ರೋ ಸಂಸ್ಥೆಯು ಮೀನುಗಾರರಿಗಾಗಿ ರಚಿಸಿದ ಆಪತ್ಸೂಚಕ ಯಂತ್ರವು 2010ರಿಂದ ಬಳಕೆಯಲ್ಲಿತ್ತು. ಕೂಗು ಮುಟ್ಟಿತೆಂಬ ಮರುಸಂದೇಶವನ್ನೂ ದೋಣಿಗೆ ತಲುಪಿಸುವ ಅದರ ಎರಡನೆಯ ರೂಪವು 2024ರಲ್ಲಿ ಹೊರಬಂದಿತು. ಅದರ ಸಂದೇಶವನ್ನು ಗ್ರಹಿಸುವ ಕೇಂದ್ರವು ಬೆಂಗಳೂರಿನಲ್ಲಿದೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಈ ಯಂತ್ರ ಅತ್ಯಂತ ಬೇಕಾದವನು ಬಡ ಮೀನುಗಾರನು. ಬೆಲೆ ತೆರುವ ಶಕ್ತಿ ಅತ್ಯಂತ ಕಡಿಮೆಯಿರುವವನೂ ಅವನೇ. ವಸ್ತುವಿನ ಉಪಯೋಗ ದೊಡ್ಡದಿದ್ದ ಮಾತ್ರಕ್ಕೆ ಅದರ ಲಾಭವೂ ದೊಡ್ಡದಿರಬೇಕೆಂಬ ನಿಯಮವಿಲ್ಲ.

ಇನ್ನು ಪುಣ್ಯದ ಮಾತು. ಕಂಪನಿಯು ಹೊಸದಾಗಿ ಶೇರುಗಳನ್ನು ಹೊರಡಿಸಿದಾಗ ಕೊಂಡರೆ ಆ ಹಣವು ಕಾರಖಾನೆಯನ್ನು ಮುಟ್ಟುತ್ತದೆ. ಆಗ ಪಾಲುದಾರನು ಕೆಲಸದಲ್ಲಿ ನಿಜವಾಗಿ ಕೈಗೂಡಿಸಿದನೆನ್ನಬಹುದು. ಪೇಟೆಯಲ್ಲಿ ಕೊಂಡರೆ ಹಾಗಲ್ಲ. ಚಿಕ್ಕಪ್ಪನ ಹಣವು ಆ ಶೇರನ್ನು ಬಿಡಬೇಕೆಂದಿರುವ ಮತ್ತಾವನದೋ ಕಿಸೆಗೆ ಹೋಗುವದು. ಯಂತ್ರಕ್ಕೆ ಒಂದು ತಿರುಪು ಸಹ ಅದರಿಂದ ಕೂಡುವದಿಲ್ಲ. ಪೇಟೆಯಿಲ್ಲದಿದ್ದರೆ ಮೊದಲು ಹಣ ಹಾಕುವವನೂ ಮುಂದೆ ಬರಲಾರನೆಂಬದು ನಿಜ. ಆದರೆ ಆ ದೂರದ ಸಂಬಂಧದಿಂದ ಜೀವದಾನದ ಪುಣ್ಯವನ್ನು ಎಣಿಸಿಕೊಳ್ಳುವದು ಜಾತ್ರೆಗೆ ಹೋದವನು ತೇರನ್ನು ತಾನೇ ಎಳೆದೆನೆಂದು ಹೇಳಿಕೊಂಡಂತೆ. ಮೂರು ರೂಪಾಯಿಯೆಂಬದೂ ಅಗ್ಗವಲ್ಲ. ಕಂಪನಿಯು ಕೋಟಿಗಟ್ಟಲೆ ಶೇರುಗಳನ್ನು ಹೊರಡಿಸಿದ್ದರೆ ಒಂದೊಂದರ ಬೆಲೆಯು ಸಣ್ಣದಾಗಿಯೇ ಇರುವದು. ಇಂಥ ಶೇರುಗಳನ್ನು ಕೊಳ್ಳುವವರು ವಿರಳರಾದ್ದರಿಂದ ಸ್ವಲ್ಪ ಹಣವೇ ಬೆಲೆಯನ್ನು ಮೇಲಕ್ಕೆಬ್ಬಿಸುತ್ತದೆ. ಇಳಿಯುವಾಗಲೋ ದಿನದ ಕೆಳಮಿತಿಯನ್ನು ಮುಟ್ಟಿ ನಿಂತುಬಿಡುತ್ತದೆ. ಮಾರುವವರೆಲ್ಲ ಸಾಲಾಗಿ ನಿಂತಿರುತ್ತಾರೆ, ಕೊಳ್ಳುವವನೊಬ್ಬನೂ ಇರುವದಿಲ್ಲ.

ಕಡಲಿನ ರಕ್ಷಣೆಯ ಯಂತ್ರ ಮತ್ತು ಸಣ್ಣವರ ಹಣ, ಇವೆರಡರ ಕೂಟವು ಜಗತ್ತಿಗೆ ಹೊಸದಲ್ಲ. ನೂರು ವರ್ಷಗಳ ಹಿಂದೆ ಈ ಸ್ಥಾನದಲ್ಲಿದ್ದದ್ದು ಮಾರ್ಕೊನಿಯ ನಿಸ್ತಂತು ಯಂತ್ರ. 1909ರ ಜನೇವರಿಯಲ್ಲಿ ಅಮೇರಿಕದ ಕರಾವಳಿಯ ಬಳಿ ‘ರಿಪಬ್ಲಿಕ್’ ಎಂಬ ಹಡಗಿಗೆ ಮಂಜಿನಲ್ಲಿ ಮತ್ತೊಂದು ಹಡಗು ಹಾಯ್ದಾಗ ನಿಸ್ತಂತುವಿನ ಕೂಗಿನಿಂದಲೇ ಸಹಾಯವು ಬಂದು ಸುಮಾರು 1500 ಜನರು ಬದುಕಿದರು. ಆ ಕಾಲದಲ್ಲಿಯೇ ‘ಯುನೈಟೆಡ್ ವೈರ್‌ಲೆಸ್’ ಎಂಬ ಅಮೇರಿಕದ ಕಂಪನಿಯು ಸಾವಿರಾರು ಸಣ್ಣ ಗಳಿಕೆಯವರಿಗೆ ತನ್ನ ಶೇರುಗಳನ್ನು ಮಾರುತ್ತಿತ್ತು. ಬೆಲೆಯನ್ನು ಪೇಟೆಯು ನಿರ್ಧರಿಸುತ್ತಿರಲಿಲ್ಲ. ಕಂಪನಿಯವರೇ ಇಷ್ಟಾಯಿತು, ಇನ್ನಿಷ್ಟಾಯಿತು ಎಂದು ಸಾರುತ್ತಿದ್ದರು. ಜನರು ಕೊಂಡ ಶೇರುಗಳನ್ನು ಒಂದು ಅವಧಿಯವರೆಗೆ ಮಾರಲಾಗದಂತೆ ಕಟ್ಟಿಹಾಕಿ, ಒಳಗಿನವರು ತಮ್ಮವನ್ನು ಮಾರಿಕೊಂಡರು. 1910ರಲ್ಲಿ ಅದರ ಮುಖ್ಯರನ್ನು ಹಿಡಿದರು. 1911ರಲ್ಲಿ ಅವರಿಗೆ ಶಿಕ್ಷೆಯಾಯಿತು. ಇದರಲ್ಲಿ ವಿಚಿತ್ರವೇನೆಂದರೆ ಯಂತ್ರಗಳು ಸುಳ್ಳಾಗಿರಲಿಲ್ಲ. ನೂರಾರು ಹಡಗುಗಳ ಮೇಲೆ ಅವು ನಿಜವಾಗಿಯೇ ಕೂತಿದ್ದವು, ನಿಜವಾಗಿಯೇ ಮಾತಾಡುತ್ತಿದ್ದವು. 1912ರಲ್ಲಿ ಅವು ಅಮೇರಿಕದ ಮಾರ್ಕೊನಿ ಕಂಪನಿಯ ಕೈಸೇರಿದವು. ಕಡಲಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಅದೇ 1912ರ ಎಪ್ರಿಲ್ 15ರಂದು ‘ಟೈಟಾನಿಕ್’ ಮುಳುಗಿತು. ನಿಸ್ತಂತುವಿನ ಕರೆಗೆ ಓಗೊಟ್ಟು ಬಂದ ‘ಕಾರ್ಪೇಥಿಯಾ’ ಹಡಗು ಸುಮಾರು 700 ಜನರನ್ನು ಎತ್ತಿಕೊಂಡಿತು. ಎರಡು ದಿವಸಗಳಲ್ಲಿ, ಎಂದರೆ 17ರಂದು, ಇಂಗ್ಲಂಡದ ಅಟರ್ನಿ ಜನರಲ್ ರೂಫಸ್ ಐಸಾಕ್ಸರು ಅಮೇರಿಕದ ಮಾರ್ಕೊನಿ ಕಂಪನಿಯ 10,000 ಶೇರುಗಳನ್ನು, ಅವು ಸಾರ್ವಜನಿಕರಿಗೆ ದೊರೆಯುವ ಮುಂಚೆಯೇ, ತಲಾ 2 ಪೌಂಡಿನಂತೆ ತಮ್ಮ ಒಬ್ಬ ಸೋದರನಿಂದ ಕೊಂಡರು. ಇನ್ನೊಬ್ಬ ಸೋದರನು ಇಂಗ್ಲಂಡದ ಮಾರ್ಕೊನಿ ಕಂಪನಿಯ ಕಾರ್ಯನಿರ್ವಾಹಕನು. ಆ ಕಂಪನಿಗೂ ಸರಕಾರಕ್ಕೂ ಕರಾರಿನ ಮಾತು ನಡೆದಿತ್ತು. ಅವರು ತಾವು ಕೊಂಡದ್ದರಲ್ಲಿ 1,000 ಶೇರುಗಳನ್ನು ಅರ್ಥಮಂತ್ರಿ ಲಾಯ್ಡ್ ಜಾರ್ಜರಿಗೆ ಕೊಟ್ಟರು. 19ರಂದು ಪೇಟೆಯಲ್ಲಿ ಅವುಗಳ ಬೆಲೆಯು 3 ಪೌಂಡನ್ನು ಮೀರಿತು. ಅಕ್ಟೋಬರ 11ರಂದು ಪಾರ್ಲಿಮೆಂಟಿನಲ್ಲಿ ಈ ಗುಸುಗುಸು ಎದ್ದಾಗ ಐಸಾಕ್ಸರು ಇಂಗ್ಲಂಡದ ಆ ಕಂಪನಿಯ ಶೇರುಗಳಲ್ಲಿ ತಾವು ಎಂದೂ ವ್ಯವಹಾರ ಮಾಡಿಲ್ಲವೆಂದರು. ಅದು ಅಕ್ಷರಶಃ ಸತ್ಯ. ಅಮೇರಿಕದ ಶೇರುಗಳ ಸುದ್ದಿಯನ್ನು ಅವರು ಎತ್ತಲಿಲ್ಲ, ಅಷ್ಟೆ. 1913ರಲ್ಲಿ ಅದು ಬಯಲಾಗಿ ದೇಶವೆಲ್ಲ ಕದಡಿತು. ಆದರೂ ಅದೇ ವರ್ಷ ಅವರು ಇಂಗ್ಲಂಡದ ಶ್ರೇಷ್ಠ ನ್ಯಾಯಾಧೀಶರಾದರು. 1921ರಲ್ಲಿ ಲಾರ್ಡ್ ರೀಡಿಂಗ್ ಎಂಬ ಹೆಸರಿನಿಂದ ಹಿಂದುಸ್ಥಾನದ ವೈಸರಾಯರಾಗಿ ಬಂದು ನಮ್ಮ ಹಿರಿಯರನ್ನು 1926ರ ವರೆಗೆ ಆಳಿದರು!

ಈ ಸಂಗತಿಯಿಂದ ನಮ್ಮ ಪ್ರಶ್ನೆಯ ಮರ್ಮವು ಗೋಚರಿಸುವದು. ಸುಳ್ಳು ಹೇಳಿ ಶೇರು ಮಾರುವವರನ್ನು ಕಾಯದೆಯು ಹಿಡಿಯಬಲ್ಲದು. ಸಾಧನಾ ಬ್ರಾಡ್‌ಕಾಸ್ಟ್ ಎಂಬ ಚಿಲ್ಲರೆ ಬೆಲೆಯ ಶೇರನ್ನು ಯೂಟ್ಯೂಬಿನಲ್ಲಿ ಸುಳ್ಳು ಸುದ್ದಿಗಳಿಂದ ಉಬ್ಬಿಸಿದರೆಂದು 2023ರ ಮಾರ್ಚಿಯಲ್ಲಿ ಸೆಬಿಯು ಹಲವರ ಮೇಲೆ ನಿರ್ಬಂಧವನ್ನು ಹಾಕಿತು. ಆದರೆ ನಮ್ಮ ತರುಣನು ಸುಳ್ಳನ್ನೇ ಹೇಳಿಲ್ಲವಲ್ಲ! ಯಂತ್ರವು ಒಳ್ಳೆಯದೆಂಬದು ನಿಜ, ಮೀನುಗಾರರು ಸಾಯುತ್ತಿರುವದು ನಿಜ. ಅವನು ಹೇಳದೆ ಬಿಟ್ಟದ್ದು ಒಂದೇ ಸಂಗತಿ: ತನ್ನಲ್ಲಿ ಆ ಶೇರುಗಳಿವೆ, ಚಿಕ್ಕಪ್ಪನಂಥವರು ಹತ್ತು ಜನ ಕೊಂಡರೆ ಅವುಗಳ ಬೆಲೆಯೇರುವದು. ಕೇಳುವವನ ನಂಬಿಕೆಯೇ ಹೇಳುವವನ ಗಳಿಕೆಯಾಗಿರುವಲ್ಲಿ ಸತ್ಯವೂ ಸಾಕ್ಷಿಯ ಗುಣವನ್ನು ಕಳೆದುಕೊಂಡು ಸರಕಾಗುತ್ತದೆ. ಅದರಲ್ಲಿಯೂ ಮುಳುಗಿದವರ ಹೆಸರು ಹೇಳಿ ಅದನ್ನು ಮಾರುವದು ನಮಗೆ ಸಾಧಾರಣ ಚೌಕಾಶಿಗಿಂತ ಹೀನವಾಗಿ ತೋರುತ್ತದೆ. ದ್ರಾಕ್ಷಿಯನ್ನು ಮಾರುವವನು ತನ್ನ ಮಾಲನ್ನು ಹೊಗಳಿದರೆ ಅವನು ಮಾರುವವನೆಂದು ಎಲ್ಲರಿಗೂ ಗೊತ್ತು. ಇಲ್ಲಿ ಮಾರುವವನು ಹಿತಚಿಂತಕನ ಪಾಗು ಸುತ್ತಿಕೊಂಡಿದ್ದಾನೆ.

ಚಿಕ್ಕಪ್ಪನೇನು ಕೂಸಲ್ಲ, ವಿಚಾರಿಸಿ ಕೊಳ್ಳಲಿ, ಎಂದು ಕೆಲವರು ಅನ್ನಬಹುದು. ಪೇಟೆಯ ಅಪರಿಚಿತರಿಗೆ ಆ ಉತ್ತರ ಸಾಕು. ಬಳಗದವನಿಗೆ ಸಾಲದು; ಅವನು ಕಂಪನಿಯ ಲೆಕ್ಕಪತ್ರಗಳನ್ನು ನೋಡದೆ ಅಣ್ಣನ ಮಗನ ಮುಖವನ್ನು ನೋಡಿದ್ದಾನೆ. ಹಾಗೆಂದು ಹೊಸ ಉದ್ಯಮಕ್ಕೆ ಹಣ ಹಾಕುವವನನ್ನು ಜೂಜುಗಾರನೆಂದು ಹಳಿಯುವವರ ಪಂಕ್ತಿಯಲ್ಲಿಯೂ ನಾವು ಕೂಡಲಾರೆವು. 1897ರಲ್ಲಿ ಮಾರ್ಕೊನಿಯ ಕಂಪನಿಗೆ ಯಾರೂ ಹಣ ಹಾಕದಿದ್ದರೆ ‘ರಿಪಬ್ಲಿಕ್’ ಹಡಗಿನಲ್ಲಿ ಕೂಗಲು ಯಂತ್ರವೇ ಇರುತ್ತಿರಲಿಲ್ಲ.

ಟೈಟಾನಿಕ್ ಮುಳುಗಿದ ವರ್ಷವೇ ನಮ್ಮ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಸಿದ್ಧೇಶ್ವರ ಬ್ಯಾಂಕನ್ನು ಹುಟ್ಟಿಸಿದರು. ವಚನಶಾಸ್ತ್ರದ ಪ್ರಕಟನೆಗಾಗಿ ಇದ್ದ ಮನೆಯನ್ನು ಮಾರಿದ ಆ ಮಹನೀಯರು ಜನರಿಂದ ಶೇರು ಹಣವನ್ನು ಕೂಡಿಸಲು ಹಿಂಜರಿಯಲಿಲ್ಲ. ಆದರೆ ಸಹಕಾರಿ ಶೇರಿನ ಬೆಲೆಯು ಹೊಗಳಿಕೆಯಿಂದ ಏರುವದಿಲ್ಲ. ಬಿಡುವವನಿಗೆ ಹಾಕಿದ ಮೊತ್ತವೇ ಮರಳುವದು. ಆದ್ದರಿಂದ ಒಬ್ಬ ಸಭಾಸದನು ಇನ್ನೊಬ್ಬನನ್ನು ಕರೆತಂದರೆ ಅವನ ಮಾತಿನಲ್ಲಿ ತನ್ನ ಶೇರನ್ನು ದಾಟಿಸುವ ಹವಣಿಕೆಯು ಇರಲಾರದು. (ಸಹಕಾರಿ ಸಂಘಗಳಲ್ಲಿ ಬೇರೆ ತರದ ಮೋಸಗಳಾಗಿವೆ, ಅದು ಇನ್ನೊಂದು ಲೇಖನದ ವಿಷಯ.) ಪೇಟೆಯ ಶೇರಿಗೆ ಈ ಕಟ್ಟು ಇಲ್ಲವಾದ್ದರಿಂದ ಆಡುವವನೇ ಅದನ್ನು ಹಾಕಿಕೊಳ್ಳಬೇಕಾಗುತ್ತದೆ. ತನ್ನಲ್ಲಿ ಎಷ್ಟು ಶೇರುಗಳಿವೆ, ಎಷ್ಟಕ್ಕೆ ಕೊಂಡದ್ದು, ಯಾವಾಗ ಬಿಡುವ ಮನಸ್ಸಿದೆ ಎಂಬದನ್ನು ಯಂತ್ರದ ಗುಣಗಾನಕ್ಕೆ ಮುಂಚೆ ಹೇಳಿದರಾಯಿತು. ಹಾಗೆ ಹೇಳಿದರೆ ಚಹದಂಗಡಿಯ ಮಾತು ಅರ್ಧಕ್ಕರ್ಧ ನಿಂತುಹೋದೀತೆಂದು ಈ ವ್ಯವಹಾರವನ್ನು ಬಲ್ಲ ಮಿತ್ರರೊಬ್ಬರು ಎಂದರು. ಉಳಿದ ಅರ್ಧವನ್ನು ಕೇಳಿ ಚಿಕ್ಕಪ್ಪನು ತನ್ನ ಒಣದ್ರಾಕ್ಷಿಯ ಹಣವನ್ನು ಹಾಕಲಿ, ಬಿಡಲಿ. ಅದು ಅವನಿಗೆ ಸೇರಿದ್ದು.