ಬಾಗಿಲು ತಟ್ಟಿದ ಮೇಲೆ

2006ರಲ್ಲಿ ಬಂದ ಅನೈತಿಕ ಸಾಗಾಟ ತಡೆ ತಿದ್ದುಪಡಿ ಮಸೂದೆಯನ್ನು ಓದಿದರೆ ನನಗೆ ಅದರ ಉದ್ದೇಶದ ಬಗ್ಗೆ ತಕರಾರಿಲ್ಲ. ಗಿರಾಕಿಯನ್ನು ಕರೆದಳೆಂದು ಹೆಣ್ಣನ್ನು ಶಿಕ್ಷಿಸುವ 8ನೇ ಸೆಕ್ಷನ್ನನ್ನು ಅದು ಕೈಬಿಡುತ್ತಿತ್ತು. ಸಾಗಾಟಕ್ಕೆ ಬಲಿಯಾದವಳ ಬಳಿ ಹೋದ ಗಂಡಸನ್ನು ಶಿಕ್ಷಿಸುತ್ತಿತ್ತು. ಅದು ಕಾಯಿದೆಯಾಗಲಿಲ್ಲ, ಇರಲಿ. ಆದರೆ ಬಾಗಿಲು ತಟ್ಟಿದ ಪೊಲೀಸರಿಗೆ, ಒಳಗಿರುವವಳು ಮಾರಾಟವಾಗಿ ಬಂದವಳೋ ತಾನಾಗಿ ಬಂದವಳೋ ಎಂದು ತಿಳಿಯುವುದು ಹೇಗೆ? ಅವಳನ್ನೇ ಕೂರಿಸಿ ಕೇಳಬೇಕು. ತಪ್ಪು ಗಂಡಸಿನದು, ವಿಚಾರಣೆ ಅವಳಿಗೆ!

ಈಗಲೂ ಇರುವ 1956ರ ಕಾಯಿದೆಯನ್ನೇ ನೋಡಿ. ದಲ್ಲಾಳಿಯನ್ನು ಹಿಡಿಯಬೇಕಾದ 4ನೇ ಸೆಕ್ಷನ್, ಗೊತ್ತಿದ್ದೂ ತಾಯಿಯ ಈ ಗಳಿಕೆಯಲ್ಲಿ ಬದುಕುವ, 18 ದಾಟಿದ ಮಗನನ್ನೂ ಒಳಗೊಳ್ಳುತ್ತದೆ. ಅವನು ಕಾಲೇಜು ಓದುತ್ತಿರಬಹುದು. ಹಿಡಿಯುವುದೋ ಬಿಡುವುದೋ ಠಾಣೆಯ ಮರ್ಜಿ.

ಸ್ವಇಚ್ಛೆಯಿಂದ ಈ ಕೆಲಸದಲ್ಲಿರುವ ವಯಸ್ಕರನ್ನು ದಾಳಿಯಲ್ಲಿ ಬಂಧಿಸಬಾರದು, ಪೀಡಿಸಬಾರದು ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ಶಿಫಾರಸು ಮಾಡಿತು. ಸ್ವಇಚ್ಛೆ ಹೌದೋ ಅಲ್ಲವೋ ಎಂದು ಆ ಹೊತ್ತಿನಲ್ಲಿ ಗೊತ್ತುಮಾಡುವವರು ದಾಳಿಗೆ ಬಂದವರೇ.